ನಕ್ಷತ್ರ ತೋರಿಸುವ ಸಂಜೆಗಳು: ಒಂದು ವಿಮರ್ಶೆ

ನಾಟಕಕ್ಕೆ ವಿಮರ್ಶೆ ಇದೆ, ಸಂಗೀತ ಕಚೇರಿಗೆ ವಿಮರ್ಶೆ ಇದೆ, ಹೊಸ ಕವನ ಸಂಕಲನಕ್ಕಂತೂ ಒಂದಲ್ಲ ನಾಲ್ಕು ವಿಮರ್ಶೆಗಳಿವೆ. ಆದರೆ ಊರಿನ ನೂರಾರು ಜನರನ್ನು ಒಂದೆಡೆ ಕೂಡಿಸಿ, ಒಂದು ಗಂಟೆ ಖಗೋಳದ ಮೇಲೆ ಉಪನ್ಯಾಸ ಮಾಡಿ, ಆಮೇಲೆ ದೂರದರ್ಶಕದ ಮುಂದೆ ಸಾಲು ನಿಲ್ಲಿಸಿ ಆಕಾಶ ತೋರಿಸುವ ಕಾರ್ಯಕ್ರಮವನ್ನು ಯಾರೂ ವಿಮರ್ಶಿಸಿದ್ದನ್ನು ನಾವು ಕಾಣೆವು. 'ಬಹಳ ಉಪಯುಕ್ತವಾಗಿತ್ತು' ಎಂದು ವಂದನಾರ್ಪಣೆಯಲ್ಲಿ ಒಂದು ಮಾತು ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು. ವಿಜ್ಞಾನದ ಹೆಸರಿನಲ್ಲಿ, ಅದೂ ಪುಕ್ಕಟೆಯಾಗಿ ನಡೆಯುವ ಒಳ್ಳೆಯ ಕೆಲಸವನ್ನು ಎತ್ತಿ ಆಡಬಾರದು ಎಂಬ ದಾಕ್ಷಿಣ್ಯ ಇದಕ್ಕೆ ಕಾರಣವಿದ್ದೀತು. ದಾಕ್ಷಿಣ್ಯದಿಂದ ನಾಟಕವೂ ಸುಧಾರಿಸುವುದಿಲ್ಲ, ನಕ್ಷತ್ರ ವೀಕ್ಷಣೆಯೂ ಸುಧಾರಿಸುವುದಿಲ್ಲ ಎಂದು ನಂಬಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಕಳೆದ ಎರಡು ಚಳಿಗಾಲಗಳಲ್ಲಿ ರಾಜಧಾನಿಯಲ್ಲೂ ಅದರ ಅಂಚಿನಲ್ಲೂ ನಡೆದ ಇಂಥ ಮೂರು ಸಂಜೆಗಳಿಗೆ ನಾವು ಹೋಗಿ ಬಂದೆವು. ಯಾವ ಸಂಸ್ಥೆ, ಯಾವ ತಾರೀಖು ಎಂದು ಹೇಳುವುದಿಲ್ಲ. ಕಂಡ ಕೊರತೆಗಳು ಒಂದು ಸಂಸ್ಥೆಯವಲ್ಲ, ಈ ಬಗೆಯ ಕಾರ್ಯಕ್ರಮಕ್ಕೇ ಅಂಟಿಕೊಂಡಂಥವು. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರವನ್ನು ಇಪ್ಪತ್ತು ವರ್ಷಗಳ ಕಡತ, ಟಿಪ್ಪಣಿ, ಮರುಟಿಪ್ಪಣಿಗಳ ನಡುವೆ ಉಳಿಸಿಕೊಂಡು ಬಂದ ಒಬ್ಬ ಗುಮಾಸ್ತನ ಅಭಿಪ್ರಾಯಗಳಿವು. ಖಗೋಳ ವಿಜ್ಞಾನಿಯ ಅಧಿಕಾರ ನಮಗಿಲ್ಲ. ಆದರೆ ಇಂಥ ಸಂಜೆಗಳು ಏರ್ಪಾಡಾಗುವುದು ನಮ್ಮಂಥವರಿಗಾಗಿಯೇ ಅಲ್ಲವೆ?

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಮೂರು ಕಡೆಯೂ ದೂರದರ್ಶಕದ ಪಕ್ಕದಲ್ಲಿ ನಿಂತಿದ್ದವರು ಕಾಲೇಜು ಹುಡುಗ ಹುಡುಗಿಯರು. ಒಂದೇ ಮಾತನ್ನು ನೂರು ಸಲ ಹೇಳಿದರೂ ಅವರ ಮುಖದಲ್ಲಿ ಬೇಸರ ಕಾಣಲಿಲ್ಲ. ಜಾಯಿಂಟ್ ಸೆಕ್ರೆಟರಿಯವರೂ ಅವರ ಕಾರಿನ ಚಾಲಕನೂ ಒಂದೇ ಸಾಲಿನಲ್ಲಿ ನಿಂತದ್ದನ್ನು ಈ ದೆಹಲಿಯಲ್ಲಿ ನಾವು ಬೇರೆಲ್ಲೂ ಕಂಡಿಲ್ಲ. ಚಂದ್ರನ ಕುಳಿಗಳನ್ನು ಮೊದಲ ಸಲ ನೋಡಿದ ಒಬ್ಬ ಅಜ್ಜ ಕಣ್ಣು ತೆಗೆದವರೇ ಮತ್ತೆ ಸಾಲಿನ ತುದಿಗೆ ಹೋಗಿ ನಿಂತರು. ಇಷ್ಟು ಮಾಡಿದವರಿಗೆ ನಮಸ್ಕಾರ ಹೇಳಿಯೇ ಮುಂದಿನ ಮಾತಿಗೆ ಹೋಗುತ್ತೇವೆ.

ನಮ್ಮ ಮೊದಲ ಆಕ್ಷೇಪ ಇದು: ಉಪನ್ಯಾಸಕ್ಕೂ ವೀಕ್ಷಣೆಗೂ ಸಂಬಂಧವೇ ಇರುವುದಿಲ್ಲ. ಒಳಗೆ ಪರದೆಯ ಮೇಲೆ ಹಬಲ್ ತೆಗೆದ ಚಿತ್ರಗಳು, 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳು, 2004ರಿಂದ 2017ರವರೆಗೆ ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆಯ ಚಿತ್ರಗಳು. ಕೆಂಪೇನು, ನೀಲಿಯೇನು, ಹೊನ್ನಿನ ಬಣ್ಣವೇನು! ಹೊರಗೆ ಬಂದು ಕಣ್ಣಿಟ್ಟರೆ ಮಹಾವ್ಯಾಧದ ನೀಹಾರಿಕೆ ಎಂಬುದು ಗಾಜಿನ ಮೇಲೆ ಉಸಿರು ಬಿಟ್ಟಾಗ ಆಗುವ ಮಸುಕಿನಂತಿದೆ. ಮೃಷ್ಟಾನ್ನದ ಚಿತ್ರ ತೋರಿಸಿ ಗಂಜಿ ಬಡಿಸಿದ ಹಾಗೆ. ನಮ್ಮ ಮುಂದಿದ್ದ ಹುಡುಗನೊಬ್ಬ ಕಣ್ಣು ತೆಗೆದು ತಂದೆಯ ಕಡೆ ತಿರುಗಿ, 'ಇಷ್ಟೇನಾ?' ಎಂದ. ತಂದೆಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಹೇಳಬೇಕಾಗಿದ್ದವರು ಒಳಗೆ ಮುಂದಿನ ತಂಡಕ್ಕೆ ಅದೇ ಚಿತ್ರಗಳನ್ನು ತೋರಿಸುತ್ತಿದ್ದರು.

ಉತ್ತರವೇನೋ ಸೊಗಸಾದದ್ದೇ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಟ್ಟುಕೊಳ್ಳಬಲ್ಲದು, ಕಣ್ಣಿಗೆ ಆ ಶಕ್ತಿಯಿಲ್ಲ. ವೆಬ್ ದೂರದರ್ಶಕ ನೋಡುವುದಂತೂ ಮುಖ್ಯವಾಗಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಅದರ ಬಣ್ಣಗಳು ನಾವು ಆಮೇಲೆ ಹಂಚಿಕೊಟ್ಟವು. ಇಷ್ಟನ್ನು ಮೊದಲೇ ಹೇಳಿ, 'ನೀವು ಹೊರಗೆ ನೋಡುವ ಆ ಮಸುಕು 1,300ಕ್ಕೂ ಹೆಚ್ಚು ವರ್ಷಗಳ ಹಿಂದೆ ಹೊರಟು ಬಂದ ಬೆಳಕು. ಅದು ಚಿತ್ರವಲ್ಲ, ಆ ಬೆಳಕೇ ನಿಮ್ಮ ಕಣ್ಣಿಗೆ ಬಂದು ತಾಗುತ್ತಿದೆ' ಎಂದಿದ್ದರೆ ಆ ಹುಡುಗ ಬೇರೆ ರೀತಿಯಲ್ಲಿ ನೋಡುತ್ತಿದ್ದ.

ಶನಿಯ ವಿಷಯದಲ್ಲಿ ಇದು ಇನ್ನೂ ಎದ್ದು ಕಂಡಿತು. ಶನಿ ಸೂರ್ಯನನ್ನು ಸುತ್ತಲು ಸುಮಾರು 29½ ವರ್ಷ ಬೇಕು. ಈ ಅವಧಿಯಲ್ಲಿ ಎರಡು ಸಲ ಅದರ ಬಳೆಗಳು ನಮಗೆ ಅಂಚನ್ನು ಮಾತ್ರ ತೋರುತ್ತವೆ. 2025ರ ಮಾರ್ಚ್ 23ರಂದು ಹಾಗಾಯಿತು. ಆ ವರ್ಷದ ನವೆಂಬರಿನಲ್ಲಿ ಬಳೆಯ ವಾಲಿಕೆ ಮತ್ತೊಮ್ಮೆ ಒಂದು ಡಿಗ್ರಿಗಿಂತ ಕೆಳಗಿಳಿಯಿತು. ಬಳೆಗಳ ಅಡ್ಡಳತೆ ಸುಮಾರು 2,70,000 ಕಿಲೋಮೀಟರು. ದಪ್ಪ ಬಹುಭಾಗ ಕೆಲವೇ ಹತ್ತು ಮೀಟರು. ಆದ್ದರಿಂದ ಆ ಚಳಿಗಾಲದಲ್ಲಿ ಸಣ್ಣ ದೂರದರ್ಶಕದಲ್ಲಿ ಕಂಡದ್ದು ದುಂಡು ಮಣಿಗೆ ಚುಚ್ಚಿದ ಸೂಜಿಯಂಥ ಒಂದು ಗೆರೆ. ಇದು ಹದಿನೈದು ವರ್ಷಕ್ಕೊಮ್ಮೆ ಸಿಗುವ ನೋಟ! ಆದರೆ ಒಳಗೆ ತೋರಿಸಿದ್ದು ಕ್ಯಾಸಿನಿಯ ಅಗಲ ಬಳೆಯ ಶನಿ. ಹೊರಗೆ ಬಂದವರು 'ಯಂತ್ರ ಹಳೆಯದಿರಬೇಕು' ಎಂದು ಮಾತನಾಡಿಕೊಂಡು ಹೋದರು. ಅಪರೂಪದ ಅವಕಾಶವೊಂದು ಯಂತ್ರದ ದೋಷವೆಂದು ದಾಖಲಾಯಿತು. ಮತ್ತೆ ಇಂಥ ನೋಟಕ್ಕೆ ಆ ಸಾಲಿನಲ್ಲಿದ್ದ ಎಷ್ಟು ಜನ ಉಳಿದಿರುತ್ತಾರೆಯೋ!

ಎರಡನೆಯ ಮಾತು ದಿನದ ಆಯ್ಕೆಯದು. ಮೂರರಲ್ಲಿ ಒಂದು ಸಂಜೆ ಹುಣ್ಣಿಮೆಗೆ ಹತ್ತಿರದ ಶನಿವಾರ ಬಿತ್ತು. ಹುಣ್ಣಿಮೆ ನಮ್ಮ ಕಣ್ಣಿಗೆ ಚೆಂದ, ದೂರದರ್ಶಕಕ್ಕೆ ಅಲ್ಲ. ಸೂರ್ಯನ ಬೆಳಕು ನೇರವಾಗಿ ಬೀಳುವುದರಿಂದ ಚಂದ್ರನ ಬೆಟ್ಟ ಕುಳಿಗಳಿಗೆ ನೆರಳೇ ಇರುವುದಿಲ್ಲ. ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಅದರ ಪ್ರಖರತೆಯಲ್ಲಿ ಸುತ್ತಲ ನಕ್ಷತ್ರಗಳೂ ಮಾಯ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಗಳಲ್ಲಾದರೆ ಬೆಳಕು ಕತ್ತಲೆ ಸೇರುವ ಗೆರೆಯುದ್ದಕ್ಕೂ ಕುಳಿಗಳ ನೆರಳು ಕಪ್ಪಗೆ ಬಿದ್ದಿರುತ್ತದೆ. ನೋಡಿದವನಿಗೆ ಆಳ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಖರ್ಚಿಲ್ಲ, ಗೋಡೆಯ ಪಂಚಾಂಗ ನೋಡಿದರೆ ಸಾಕು.

ಮೂರನೆಯದು ಸಾಲಿನ ಲೆಕ್ಕ. ಒಂದು ದೂರದರ್ಶಕ, 150 ಜನ, ತಲೆಗೆ ಅರ್ಧ ನಿಮಿಷ ಎಂದರೆ 75 ನಿಮಿಷ. ಈ ಅರ್ಧ ನಿಮಿಷದಲ್ಲಿಯೇ ಕನ್ನಡಕ ತೆಗೆಯುವುದು, ಮಗುವನ್ನು ಎತ್ತಿಕೊಳ್ಳುವುದು, 'ಕಾಣಲಿಲ್ಲ' ಎನ್ನುವುದು, ಎಲ್ಲ ಸೇರಬೇಕು. ಭೂಮಿಯೋ ಸುಮ್ಮನಿರುವುದಿಲ್ಲ, ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. ಅರ್ಧ ಡಿಗ್ರಿ ಕಾಣುವ ಮಸೂರದಲ್ಲಿ ನಡುವೆ ನಿಲ್ಲಿಸಿದ ಗ್ರಹ ಒಂದೇ ನಿಮಿಷದಲ್ಲಿ ಅಂಚು ದಾಟಿ ಹೋಗುತ್ತದೆ. ಹಿಂಬಾಲಿಸುವ ಮೋಟಾರು ಇಲ್ಲದಿದ್ದರೆ ಮೂರನೆಯವನಿಗೆ ಬರಿ ಕತ್ತಲೆ. ಕಾಣದಿದ್ದರೂ ಹಿಂದಿನವರಿಗೆ ಹೆದರಿ 'ಕಂಡಿತು' ಎಂದು ಹೇಳಿ ಹೋಗುವವರು ಅನೇಕರು. ವಿಜ್ಞಾನದ ಅಂಗಳದಲ್ಲಿ ಕಾಣದ್ದನ್ನು ಕಂಡೆ ಎನ್ನಿಸುವ ಏರ್ಪಾಟು ಸರಿಯೆ?

ಆ 75 ನಿಮಿಷ ಸಾಲಿನಲ್ಲಿದ್ದವರು ಏನು ಮಾಡಿದರು? ಕೈಯಲ್ಲಿದ್ದ ಫೋನು ನೋಡಿದರು. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಫೋನಿನ ಬೆಳಕು ಅದನ್ನು ಒಂದು ಕ್ಷಣದಲ್ಲಿ ಕೆಡಿಸುತ್ತದೆ. ಯಾರಾದರೂ ಒಬ್ಬರು ಸಾಲಿನ ಬಳಿ ನಿಂತು, 'ಫೋನು ಒಳಗಿಡಿ, ತಲೆಯೆತ್ತಿ, ಅದು ರೋಹಿಣಿ, ಇದು ಕೃತ್ತಿಕೆ' ಎಂದಿದ್ದರೆ ಸಂಜೆಯ ಮುಖ್ಯ ಭಾಗ ಅದೇ ಆಗುತ್ತಿತ್ತು. ರೋಹಿಣಿ ಇರುವುದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ. ನಮ್ಮ ಹಿರಿಯರು ತಗಡಿನ ಪೆಟ್ಟಿಗೆ ಹಿಡಿದು ದೆಹಲಿಯ ಸರ್ಕಾರಿ ನೌಕರಿಗೆ ಬಂದಿಳಿದ ಕಾಲದಲ್ಲಿ ಹೊರಟ ಬೆಳಕು ಈಗ ತಲಪುತ್ತಿದೆ. ಕೋಟಿ ಕೋಟಿ ಎಂದು ಹೇಳಿ ಬೆರಗು ಹುಟ್ಟಿಸುವುದಕ್ಕಿಂತ ಇಂಥ ಒಂದು ಲೆಕ್ಕ ಮನಸ್ಸಿನಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಇನ್ನು ನಮ್ಮನ್ನು ನಿಜವಾಗಿ ನೋಯಿಸಿದ ಸಂಗತಿ. ಪ್ರಶ್ನೋತ್ತರದ ವೇಳೆ ಒಬ್ಬ ವೃದ್ಧ ಮಹಿಳೆ ಎದ್ದು, 'ಮೃಗಶಿರಾ ನಕ್ಷತ್ರ ಎಲ್ಲಿದೆ, ತೋರಿಸುತ್ತೀರಾ?' ಎಂದು ದಕ್ಷಿಣದ ಉಚ್ಚಾರಣೆಯ ಹಿಂದಿಯಲ್ಲಿ ಕೇಳಿದರು. ಉಪನ್ಯಾಸಕರು ನಕ್ಕು, 'ಅಮ್ಮಾ, ಇಲ್ಲಿ ಜಾತಕ ಕೇಳುವ ಹಾಗಿಲ್ಲ' ಎಂದರು. ಸಭೆಯೂ ನಕ್ಕಿತು. ಆಕೆ ಕುಳಿತುಬಿಟ್ಟರು. ಆಕೆ ಜಾತಕ ಕೇಳಿರಲಿಲ್ಲ, ನಕ್ಷತ್ರ ಕೇಳಿದ್ದರು. ಅದು ಆಗ ಸಭಾಂಗಣದ ಹೊರಗೆ, ಮಹಾವ್ಯಾಧನ ತಲೆಯಲ್ಲಿ, ಎಲ್ಲರಿಗೂ ಕಾಣುವಂತೆ ನಿಂತಿತ್ತು.

ಫಲಜ್ಯೋತಿಷಕ್ಕೆ ವಿಜ್ಞಾನದ ಆಧಾರವಿಲ್ಲ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಕರ್ನಾಟಕದ ಮೇಲೆಯೇ ಹಾದುಹೋದಾಗ, ನಮ್ಮ ಜನರಲ್ಲಿ ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು ಎಂದು ಹಿರಿಯರು ಹೇಳುತ್ತಾರೆ. ಅಂಥ ಭಯವನ್ನು ಬಿಡಿಸಲೇಬೇಕು. ಆದರೆ ಭಯ ಬೇರೆ, ಪರಿಚಯ ಬೇರೆ. ನಮ್ಮ ರೈತರು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳನ್ನು ಎಣಿಸುತ್ತಾರೆ. ಜೂನ್ ಎರಡನೆಯ ವಾರ ಮೃಗಶಿರಾ ಮಳೆ ಎಂದರೆ ಸೂರ್ಯ ಆಗ ಆ ನಕ್ಷತ್ರದ ನೆರೆಯಲ್ಲಿದ್ದಾನೆ ಎಂದರ್ಥ. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಸೂರ್ಯ ಅಲ್ಲೇ ಇರುವುದರಿಂದ ಮೃಗಶಿರಾ ಮಳೆಯ ದಿನಗಳಲ್ಲಿ ಮೃಗಶಿರಾ ನಕ್ಷತ್ರ ಕಾಣುವುದೇ ಇಲ್ಲ! ಅದನ್ನು ನೋಡಬೇಕಾದರೆ ಆರು ತಿಂಗಳು ಕಾದು ಡಿಸೆಂಬರಿನ ರಾತ್ರಿಯಲ್ಲಿ ಬರಬೇಕು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದನ್ನು ಹಳ್ಳಿಯ ಅಜ್ಜಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಹಾದಿ ಯಾವುದಿದೆ? ಆಕೆಯ ಪ್ರಶ್ನೆ ಇಡೀ ಸಂಜೆಯ ಉಪನ್ಯಾಸಕ್ಕೆ ಪೀಠಿಕೆಯಾಗಬಹುದಿತ್ತು. ಅದನ್ನು ನಗೆಯಲ್ಲಿ ಹಾರಿಸಿದ್ದರಿಂದ ಆಕೆಗೆ ಆಕಾಶ ತನ್ನದಲ್ಲ ಎಂಬ ತಿಳಿವಳಿಕೆ ಮಾತ್ರ ಸಿಕ್ಕಿತು.

ಸರ್ಕಾರಿ ಕಾಗದದಲ್ಲಿ ಮುಳುಗಿರುವ ನಾವು ಇಲ್ಲಿ ಇನ್ನೊಂದು ಮಾತು ಹೇಳಬೇಕು. ಭಾರತದ ರಾಜಪತ್ರದ ಮೇಲೆ ಶಕ ವರ್ಷದ ತೇದಿ ಅಚ್ಚಾಗಿರುತ್ತದೆ. ಅದು ಪುರೋಹಿತರು ಹಾಕಿಸಿದ್ದಲ್ಲ. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ವರದಿ ಕೊಟ್ಟ ಮೇಲೆ, 1957ರ ಮಾರ್ಚ್ 22ರಿಂದ ಜಾರಿಗೆ ಬಂದದ್ದು. ಆ ಕಾಲದ ದೊಡ್ಡ ವಿಜ್ಞಾನಿ ಪಂಚಾಂಗವನ್ನು ನೋಡಿ ನಗಲಿಲ್ಲ, ಕುಳಿತು ತಿದ್ದಿದರು. ಈ ಉದಾಹರಣೆ ನಮ್ಮ ಉಪನ್ಯಾಸಕರಿಗೆ ಸಾಲದೆ?

ನಮ್ಮ ದೂರಿಗೆ ಎದುರು ಮಾತೂ ಇದೆ. ದೆಹಲಿಯ ಆಕಾಶದಲ್ಲಿ ಬರಿಗಣ್ಣಿಗೆ ಏನಿದೆ ತೋರಿಸಲು, ಅದಕ್ಕೇ ಪರದೆಯ ಚಿತ್ರಗಳು ಎಂದು ಸಂಘಟಕರು ಹೇಳಬಹುದು. ಒಪ್ಪುತ್ತೇವೆ. ನಾವಿರುವ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ತರಗತಿಗಳ ಫಲಕಗಳು ರಾತ್ರಿಯಿಡೀ ಉರಿಯುತ್ತವೆ. ಅವುಗಳ ನಡುವೆ ತಂತಿಗಳ ಬಲೆ, ಮೇಲೆ ಹೊಗೆಯ ಮುಸುಕು. ಆಕಾಶಗಂಗೆಯ ಮಾತೇ ಬೇಡ. ಕತ್ತಲೆ ಬೇಕೆಂದರೆ ಲಡಾಖಿನ ಹಾನ್ಲೆಗೆ ಹೋಗಬೇಕು. ಅಲ್ಲಿ 4,500 ಮೀಟರು ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರಿನ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ ಎಂಬುದು ನಮ್ಮವರಲ್ಲೇ ಅನೇಕರಿಗೆ ತಿಳಿಯದು. ಆದರೆ ಹಾನ್ಲೆಗೆ ಹೋಗಲಾಗದವನು ಏನು ಮಾಡಬೇಕು? ನಮ್ಮ ಉತ್ತರ ದೆಹಲಿಯಲ್ಲಿಯೇ ಇದೆ.

ಜಂತರ್ ಮಂತರಿನಲ್ಲಿ ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ ವೇಧಶಾಲೆ ಇದೆ. ಕಲ್ಲು ಗಾರೆಯ ಆ ಯಂತ್ರಗಳಲ್ಲಿ ಒಂದು ಮಸೂರವೂ ಇಲ್ಲ. ಸಮ್ರಾಟ್ ಯಂತ್ರದ ಓರೆಗೋಡೆ ಧ್ರುವದ ಕಡೆಗೆ ಚಾಚಿದೆ. ಅದರ ನೆರಳು ಸ್ಥಳೀಯ ಸೂರ್ಯಸಮಯವನ್ನು ತೋರಿಸುತ್ತದೆ. ಅದು ನಮ್ಮ ಕೈಗಡಿಯಾರಕ್ಕಿಂತ ಸರಾಸರಿ 21 ನಿಮಿಷ ಹಿಂದೆ. ಏಕೆಂದರೆ ನಮ್ಮ ಗಡಿಯಾರ ಅನುಸರಿಸುವ 82½ ಡಿಗ್ರಿ ರೇಖಾಂಶಕ್ಕಿಂತ ದೆಹಲಿ ಐದು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ತೀನ್ ಮೂರ್ತಿಯ ನೆಹರೂ ತಾರಾಲಯದ ನಿರ್ದೇಶಕರಾಗಿದ್ದು 2021ರಲ್ಲಿ ತೀರಿಕೊಂಡ ರತ್ನಶ್ರೀ ನಂದಿವಾಡ ಅವರು ವಿದ್ಯಾರ್ಥಿಗಳನ್ನು ಈ ಯಂತ್ರಗಳ ಬಳಿಗೆ ಕರೆದೊಯ್ದು ಅವರ ಕೈಯಿಂದಲೇ ಅಳತೆ ತೆಗೆಸುತ್ತಿದ್ದರು. ಸುತ್ತ ಎತ್ತರದ ಕಟ್ಟಡಗಳೆದ್ದು ಪ್ರವಾಸಿಗರ ಚಿತ್ರಗಳಿಗೆ ಹಿನ್ನೆಲೆಯಾಗಿದ್ದ ಕಲ್ಲುಗಳು ಅವರ ಕೈಯಲ್ಲಿ ಮತ್ತೆ ವೇಧಶಾಲೆಯಾದವು. ಈ ಬಗೆಯ ಕಾರ್ಯಕ್ರಮ ಹೇಗಿರಬೇಕು ಎಂಬುದಕ್ಕೆ ನಮಗೆ ತಿಳಿದಂತೆ ಇದೇ ಅತ್ಯುತ್ತಮ ಮಾದರಿ. ಅಲ್ಲಿ ನೋಡುವವನೇ ಅಳೆಯುವವನು.

ಅಳೆಯುವುದೆಂದರೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದೆಹಲಿಯಲ್ಲಿ ಉತ್ತರ ಕ್ಷಿತಿಜದಿಂದ ಧ್ರುವನಕ್ಷತ್ರಕ್ಕೆ ಮೂರು ಮುಷ್ಟಿಗೆ ಸ್ವಲ್ಪ ಕಡಿಮೆ. ಬೆಂಗಳೂರಿನಲ್ಲಿ ಒಂದೂಕಾಲು ಮುಷ್ಟಿ. ಧ್ರುವನ ಎತ್ತರವೇ ಊರಿನ ಅಕ್ಷಾಂಶ: ಇಲ್ಲಿ 28.6 ಡಿಗ್ರಿ, ಅಲ್ಲಿ 13 ಡಿಗ್ರಿ. ಇನ್ನೊಂದು ಅದೃಷ್ಟ ನೋಡಿ: ಎರಡು ಊರುಗಳ ರೇಖಾಂಶದಲ್ಲಿ ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲ. ಒಂದೇ ನಕ್ಷತ್ರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ನೆತ್ತಿಯ ಗೆರೆ ದಾಟುತ್ತದೆ. ಫೆಬ್ರವರಿ 10ರ ಸುಮಾರಿಗೆ ರಾತ್ರಿ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಲುಬ್ಧಕದ ಕೆಳಗೆ, ದಕ್ಷಿಣ ದಿಕ್ಕಿನಲ್ಲಿ ಅಗಸ್ತ್ಯ ನಕ್ಷತ್ರವನ್ನು ನೋಡಬಹುದು. ಬೆಂಗಳೂರಿನಲ್ಲಿ ಅದು 24 ಡಿಗ್ರಿ ಎತ್ತರದಲ್ಲಿ ಸುಖವಾಗಿ ಕಾಣುತ್ತದೆ. ದೆಹಲಿಯಲ್ಲಿ 9 ಡಿಗ್ರಿಯೂ ಇಲ್ಲ. ನಮ್ಮ ಗಲ್ಲಿಯಲ್ಲಾದರೆ ಎದುರು ಮಾಳಿಗೆಯ ನೀರಿನ ಟ್ಯಾಂಕಿನ ಮರೆಗೆ ಹೋಗುತ್ತದೆ. ಬೇಸಗೆಯ ಮೊದಲಲ್ಲಿ ಊರಿನಲ್ಲಿ ಅಂಗಳದಿಂದಲೇ ಕಾಣುವ ತ್ರಿಶಂಕು ಇಲ್ಲಿ ಕ್ಷಿತಿಜದ ಮಬ್ಬಿನಿಂದ ಮೇಲೇಳುವುದೇ ಇಲ್ಲ.

ದೆಹಲಿಗೆ ಬಂದ ಕನ್ನಡಿಗ ಊರು ಬಿಟ್ಟೆ, ಮನೆ ಬಿಟ್ಟೆ, ಭಾಷೆ ದೂರವಾಯಿತು ಎಂದು ಹಲುಬುವುದುಂಟು. ಆಕಾಶದ ಒಂದು ಪಟ್ಟಿಯನ್ನೇ ಬಿಟ್ಟು ಬಂದಿದ್ದೇವೆ ಎಂಬುದು ಎಷ್ಟು ಜನರಿಗೆ ಗೊತ್ತು? ವಿಂಧ್ಯ ದಾಟಿ ದಕ್ಷಿಣಕ್ಕೆ ಹೋದ ಋಷಿಯ ಹೆಸರಿನ ನಕ್ಷತ್ರ ದಕ್ಷಿಣಕ್ಕೆ ಹೋದಷ್ಟೂ ಮೇಲೇರುತ್ತದೆ. ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ವೈನು ಬಾಪು ಅವರು ವೀಕ್ಷಣಾಲಯಕ್ಕೆ ಆರಿಸಿದಾಗ, ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಿಂದ ದಕ್ಷಿಣದ ಆಕಾಶ ಚೆನ್ನಾಗಿ ಕಾಣುತ್ತದೆ ಎಂಬುದೂ ಅದರ ಒಂದು ಅನುಕೂಲವಾಗಿತ್ತು. ಈ ಮಾತುಗಳು ಮೂರು ಸಂಜೆಗಳಲ್ಲಿ ಒಂದರಲ್ಲೂ ಬರಲಿಲ್ಲ. ದೆಹಲಿಯಲ್ಲಿ ನಿಂತು ದೆಹಲಿಯ ಆಕಾಶದ ಬಗೆಗೆ ಒಂದು ವಾಕ್ಯವೂ ಇರಲಿಲ್ಲ. ಆ ಉಪನ್ಯಾಸವನ್ನು ಯಾವ ಊರಿನ ಯಾವ ಸಭಾಂಗಣದಲ್ಲಾದರೂ ಹಾಗೆಯೇ ಒಪ್ಪಿಸಬಹುದಿತ್ತು.

ಭಾಷೆಯ ವಿಷಯ. ಇಲ್ಲಿ ಇಂಥ ಕಾರ್ಯಕ್ರಮಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತವೆ; ಅದು ಸಹಜ, ದೂರಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿಯೂ ಮಂಗಳೂರಿನ ಪಿಲಿಕುಳದಲ್ಲಿಯೂ ಕನ್ನಡದಲ್ಲೇ ಪ್ರದರ್ಶನಗಳಿವೆ. ಬೆಂಗಳೂರಿನದನ್ನು ಮೊದಲ ನಿರ್ದೇಶಕರಾಗಿ ರೂಪಿಸಿದ ಸಿ.ವಿ. ವಿಶ್ವೇಶ್ವರ ಅವರು ಕೃಷ್ಣವಿವರಗಳ ಬಗೆಗೆ ಮೂಲಭೂತ ಕೆಲಸ ಮಾಡಿದವರು. ಅಷ್ಟು ದೊಡ್ಡವರು ಜನಸಾಮಾನ್ಯರಿಗೆ ಆಕಾಶ ತೋರಿಸುವುದನ್ನು ಸಣ್ಣ ಕೆಲಸವೆಂದು ಎಣಿಸಲಿಲ್ಲ. ಓದುವವರಿಗೆ ಕಾರಂತರ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವಿದೆ, ಜಿ.ಟಿ. ನಾರಾಯಣ ರಾವ್ ಅವರ 'ನಕ್ಷತ್ರ ವೀಕ್ಷಣೆ' ಇದೆ. ಇಷ್ಟಿದ್ದೂ ರಾಜಧಾನಿಯ ನಮ್ಮ ಮಕ್ಕಳಿಗೆ ಅರುಂಧತಿ ಎಂದರೆ ಮದುವೆಯ ವೀಡಿಯೋದಲ್ಲಿ ಪುರೋಹಿತರು ಹಗಲಿನಲ್ಲಿ ಬೆರಳೆತ್ತಿ ತೋರಿಸುವ ಖಾಲಿ ಜಾಗ ಮಾತ್ರ.

ಆದ್ದರಿಂದ ನಮ್ಮ ಸಂಘಕ್ಕೊಂದು ಸಲಹೆ. ವರ್ಷಕ್ಕೆ ನಾಲ್ಕೇ ಸಂಜೆ ಸಾಕು. ಶುಕ್ಲ ಅಷ್ಟಮಿಗೆ ಹತ್ತಿರದ ಶನಿವಾರ, ಸಂಘದ ಮಾಳಿಗೆಯ ಮೇಲೆ, ದೀಪಗಳನ್ನಾರಿಸಿ ಸೇರೋಣ. ಮೊದಲ ಅರ್ಧ ಗಂಟೆ ದೂರದರ್ಶಕ ಬೇಡ, ಪರದೆ ಬೇಡ, ಭಾಷಣವೂ ಬೇಡ. ಐದು ನಕ್ಷತ್ರಗಳನ್ನು ಕನ್ನಡದ ಹೆಸರಿನಿಂದ ಗುರುತಿಸುವುದು, ಮುಷ್ಟಿ ಹಿಡಿದು ಧ್ರುವನ ಎತ್ತರ ಅಳೆಯುವುದು, ಇಷ್ಟೇ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿರುವ ಅಜ್ಜಿಗೋ ಚಿಕ್ಕಪ್ಪನಿಗೋ ಫೋನು ಮಾಡಿ ಅಲ್ಲಿನ ಅಳತೆ ಕೇಳೋಣ. ಎರಡರ ವ್ಯತ್ಯಾಸ ಹದಿನೈದೂವರೆ ಡಿಗ್ರಿಯ ಆಸುಪಾಸು ಬರಬೇಕು. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ ಎರಡು ಊರುಗಳ ನೇರ ದೂರ, ಸುಮಾರು 1,740 ಕಿಲೋಮೀಟರು ಸಿಗುತ್ತದೆ. ಎರಟೋಸ್ತನೀಸ್ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಭೂಮಿಯನ್ನೇ ಅಳೆದ ಹಾದಿ ಇದೇ. ಮಕ್ಕಳ ಮುಷ್ಟಿಯ ಲೆಕ್ಕ ನೂರಿನ್ನೂರು ಕಿಲೋಮೀಟರು ತಪ್ಪಿದರೂ ಚಿಂತೆಯಿಲ್ಲ. ಎಷ್ಟು ತಪ್ಪಿತು, ಏಕೆ ತಪ್ಪಿತು ಎಂದು ಕೇಳುವುದೇ ಮುಂದಿನ ಸಂಜೆಯ ವಿಷಯವಾಗಲಿ.

ಓಲ್ಡ್ ರಾಜಿಂದರ್ ನಗರದ ಕೋಣೆಗಳಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರನ್ನೂ ಇದಕ್ಕೆ ಕರೆಯಬೇಕು. ಕಪ್ಪುಕುಳಿಯ ಬಗೆಗೆ ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಬಲ್ಲ ಅವರಲ್ಲಿ ಕೆಲವರು ತಮ್ಮ ಕೋಣೆಯ ಮೇಲಿನ ರೋಹಿಣಿಯನ್ನು ಕಂಡಿಲ್ಲ. ಮೃಗಶಿರಾ ಕೇಳಿದ ಆ ತಾಯಿ ಯಾರೆಂದು ನಮಗೆ ತಿಳಿಯದು. ಈ ಪತ್ರಿಕೆ ಅವರ ಕೈಸೇರಿದರೆ, ಮೊದಲ ಸಂಜೆಯ ಮುಂದಿನ ಕುರ್ಚಿ ಅವರದು.